ಹಳೆಯ ಮೋಟಾರ್ ಸೈಕಲ್ಲಿನ ಆಲ್ಟರ್ನೇಟರ್ ಬದಲಾವಣೆ: ಪರೀಕ್ಷೆ, ವೆಚ್ಚ ನಿರ್ಧಾರ ಮತ್ತು ಲೆಕ್ಕಪತ್ರ

ವ್ಯಾಪಾರಿಗಳ ವರ್ಷಾಂತ್ಯದ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ‘ವಾಹನ ದುರಸ್ತಿ’ ಖಾತೆಯಲ್ಲಿ ಒಂದು ಸಂಗತಿ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಒಂದೇ ಮೋಟಾರ್ ಸೈಕಲ್ಲಿಗೆ ಒಂದೇ ವರ್ಷದಲ್ಲಿ ಎರಡು ಅಥವಾ ಮೂರು ಹೊಸ ಬ್ಯಾಟರಿಗಳ ಬಿಲ್ಲು, ನಡುನಡುವೆ ಬ್ಯಾಟರಿ ಚಾರ್ಜ್ ಮಾಡಿಸಿದ ಖರ್ಚು, ಕೊನೆಗೊಮ್ಮೆ ದಾರಿಯಲ್ಲಿ ನಿಂತ ವಾಹನವನ್ನು ಟೆಂಪೋದಲ್ಲಿ ತಂದ ಬಾಡಿಗೆ. ಇವು ಮೂರೂ ಒಟ್ಟಿಗೆ ಕಂಡುಬಂದರೆ ದೋಷವು ಬ್ಯಾಟರಿಯಲ್ಲಿಲ್ಲ, ಅದಕ್ಕೆ ವಿದ್ಯುತ್ತನ್ನು ಪೂರೈಸುವ ವ್ಯವಸ್ಥೆಯಲ್ಲಿದೆ ಎಂದು ತಿಳಿಯಲು ಅಡ್ಡಿಯಿಲ್ಲ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಪು, ಪಡುಬಿದ್ರಿ ಕಡೆಗೂ, ಪಡುಬಿದ್ರಿಯಿಂದ ಬೆಳ್ಮಣ್ ಮಾರ್ಗವಾಗಿ ಕಾರ್ಕಳಕ್ಕೂ, ಮಣಿಪಾಲದಿಂದ ಹೆಬ್ರಿ ದಾಟಿ ಆಗುಂಬೆಯ ಮೇಲಕ್ಕೂ ಆರ್ಡರು ಹಾಗೂ ಬಾಕಿ ವಸೂಲಿಗಾಗಿ ಹಳೆಯ, ಗಟ್ಟಿಮುಟ್ಟಾದ ಮೋಟಾರ್ ಸೈಕಲ್ಲುಗಳನ್ನೇ ಬಳಸುವ ವ್ಯಾಪಾರಿಗಳು ನಮ್ಮಲ್ಲಿದ್ದಾರೆ. ಅವರಿಗೆ ಈ ದುರಸ್ತಿಯು ಮೂರು ಪ್ರಶ್ನೆಗಳನ್ನು ಒಡ್ಡುತ್ತದೆ. ನಿಜವಾಗಿ ಕೆಟ್ಟಿರುವುದು ಯಾವುದು? ಹೊಸದನ್ನು ಹಾಕಿಸಬೇಕೆ, ವೈಂಡಿಂಗ್ ಮಾಡಿಸಿದರೆ ಸಾಕೆ? ಈ ವೆಚ್ಚವನ್ನು ಲೆಕ್ಕದಲ್ಲಿ ಎಲ್ಲಿ ತೋರಿಸಬೇಕು? ಪ್ರಸ್ತುತ ಲೇಖನದಲ್ಲಿ ಇವುಗಳನ್ನು ಕ್ರಮವಾಗಿ ವಿವೇಚಿಸಲಾಗಿದೆ.

1. ವ್ಯವಸ್ಥೆಯ ಪರಿಚಯ

ವಾಹನದ ವಿದ್ಯುತ್ ವ್ಯವಸ್ಥೆಯನ್ನು ವ್ಯಾಪಾರದ ನಗದು ಹರಿವಿಗೆ ಹೋಲಿಸಬಹುದು. ಆಲ್ಟರ್ನೇಟರ್ ದಿನದ ಗಳಿಕೆ, ಬ್ಯಾಟರಿ ಕೂಡಿಟ್ಟ ಹಣ. ದೀಪ, ಇಗ್ನಿಷನ್ ಮತ್ತು ಹಾರ್ನ್ ದಿನದ ಖರ್ಚು. ಗಳಿಕೆ ನಿಂತರೂ ಕೂಡಿಟ್ಟದ್ದು ಮುಗಿಯುವವರೆಗೆ ವ್ಯವಹಾರ ನಡೆಯುತ್ತಿರುತ್ತದೆ. ಆದುದರಿಂದಲೇ ಆಲ್ಟರ್ನೇಟರ್ ಕೆಟ್ಟದ್ದು ಆ ಕ್ಷಣದಲ್ಲಿ ಸವಾರನಿಗೆ ತಿಳಿಯುವುದಿಲ್ಲ.

ಆಲ್ಟರ್ನೇಟರಿನಲ್ಲಿ ಎರಡು ಮುಖ್ಯ ಭಾಗಗಳಿವೆ. ಎಂಜಿನ್ನಿನೊಂದಿಗೆ ತಿರುಗುವ ಅಯಸ್ಕಾಂತವೇ ರೋಟರ್. ಸ್ಥಿರವಾಗಿ ನಿಂತಿರುವ ತಾಮ್ರದ ಸುರುಳಿಗಳ ಚಕ್ರವೇ ಸ್ಟೇಟರ್. ಗ್ಯಾರೇಜುಗಳಲ್ಲಿ ಇದನ್ನು ‘ಕಾಯಿಲ್ ಪ್ಲೇಟ್’ ಎನ್ನುವುದೂ ಉಂಟು. ಇದು ಉತ್ಪಾದಿಸುವ ಪರ್ಯಾಯ ವಿದ್ಯುತ್ತನ್ನು ಏಕಮುಖ ವಿದ್ಯುತ್ತಾಗಿ ಪರಿವರ್ತಿಸುವುದು ರೆಕ್ಟಿಫೈಯರ್. ಒತ್ತಡವನ್ನು ಮಿತಿಯಲ್ಲಿಡುವುದು ರೆಗ್ಯುಲೇಟರ್. ಇವೆರಡೂ ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿರುತ್ತವೆ.

ನಮ್ಮ ರಾಜ್ಯದ್ದೇ ಆದ ಜಾವಾ ಮತ್ತು ಯೆಜ್ಡಿ 250 ವಾಹನಗಳಲ್ಲಿ ಇದಕ್ಕಿಂತ ಹಳೆಯ ಪದ್ಧತಿಯಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಈ ವಾಹನಗಳಲ್ಲಿ 6 ವೋಲ್ಟಿನ ಡೈನಮೋವನ್ನು ಕ್ರ್ಯಾಂಕ್ ದಂಡದ ತುದಿಗೆ ಅಳವಡಿಸಲಾಗಿತ್ತು. ಕಮ್ಯುಟೇಟರ್ ಮತ್ತು ಇಂಗಾಲದ ಬ್ರಷ್‌ಗಳ ಮೂಲಕ ಅದು ನೇರವಾಗಿ ಏಕಮುಖ ವಿದ್ಯುತ್ತನ್ನೇ ಕೊಡುತ್ತಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಆ ವಾಹನಗಳು ಇಂದಿಗೂ ರಸ್ತೆಯ ಮೇಲಿವೆ. ಮೂಲ ತಯಾರಕರು ಇಲ್ಲವಾದ ಮೇಲೆ ಒಂದು ಯಂತ್ರದ ಆಯುಷ್ಯವು ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿ ಮತ್ತು ವೈಂಡಿಂಗ್ ಅಂಗಡಿಯವರ ಕೈಯಲ್ಲಿರುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ.

2. ಕೆಡುವ ಕಾರಣಗಳು

ಸ್ಟೇಟರಿನ ಮುಖ್ಯ ಶತ್ರು ಶಾಖ. ಹಳೆಯ ಮಾದರಿಯ ಬಹುಪಾಲು ರೆಗ್ಯುಲೇಟರುಗಳು ಬೇಡವಾದ ವಿದ್ಯುತ್ತನ್ನು ಮರಳಿ ಸ್ಟೇಟರಿನ ಮೂಲಕವೇ ಹರಿಸಿ ವ್ಯಯಿಸುವ ‘ಶಂಟ್’ ಜಾತಿಯವು. ದೀಪ ಉರಿಯಲಿ, ಆರಿರಲಿ, ಸುರುಳಿಗಳು ಬಿಸಿಯಾಗುತ್ತಲೇ ಇರುತ್ತವೆ. ವರ್ಷಗಳು ಕಳೆದಂತೆ ತಂತಿಯ ಮೇಲಿನ ಎನಾಮಲ್ ಲೇಪ ಸುಟ್ಟು, ಒಂದು ಸುರುಳಿ ಮತ್ತೊಂದಕ್ಕೆ ಅಥವಾ ಲೋಹದ ಚೌಕಟ್ಟಿಗೆ ತಗಲುತ್ತದೆ.

ಕರಾವಳಿಯಲ್ಲಿ ಎರಡನೆಯ ಕಾರಣವೊಂದು ಸೇರುತ್ತದೆ. ಇಲ್ಲಿಯ ದೀರ್ಘ ಮಳೆಗಾಲ ಮತ್ತು ಉಪ್ಪುಮಿಶ್ರಿತ ಗಾಳಿಯಿಂದ ಸ್ಟೇಟರ್ ಹಾಗೂ ರೆಗ್ಯುಲೇಟರ್ ನಡುವಿನ ಕಪ್ಲರಿನ ಪಿನ್ನುಗಳು ಹಸಿರುಗಟ್ಟುತ್ತವೆ. ಜೋಡಣೆ ಸಡಿಲವಾದಲ್ಲಿ ಅಡ್ಡಿ ಹೆಚ್ಚುತ್ತದೆ, ಅಡ್ಡಿಯಿಂದ ಶಾಖ, ಶಾಖದಿಂದ ಕಪ್ಲರಿನ ಪ್ಲಾಸ್ಟಿಕ್ ಕರಗುವಿಕೆ. ಹಲವು ಸಂದರ್ಭಗಳಲ್ಲಿ ಸ್ಟೇಟರ್ ಆರೋಗ್ಯವಾಗಿದ್ದು ಈ ಕಪ್ಲರ್ ಮಾತ್ರ ಸುಟ್ಟಿರುತ್ತದೆ. ಅದನ್ನು ನೋಡದೆ ಆಲ್ಟರ್ನೇಟರ್ ಬದಲಿಸಿದರೆ ಹಣವೂ ಹೋಯಿತು, ದೋಷವೂ ಉಳಿಯಿತು.

ಮೂರನೆಯದು ಮಿತಿಮೀರಿದ ಹೊರೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. 55 ವ್ಯಾಟಿನ ಎರಡು ಹೆಚ್ಚುವರಿ ದೀಪಗಳೆಂದರೆ 110 ವ್ಯಾಟ್, ಅರ್ಥಾತ್ 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್. ಹಗಲಿನಲ್ಲಿ ದೀಪ ಆರಿಸಿ ಓಡಿಸುವ ಕಾಲದ ವಾಹನಕ್ಕೆ ಇದು ದೊಡ್ಡ ಹೊರೆ. ನಮ್ಮ ದೇಶದಲ್ಲಿ ಎಂಜಿನ್ನಿನೊಂದಿಗೆ ಮುಂದೀಪ ತಾನಾಗಿ ಉರಿಯುವ ನಿಯಮ ಹೊಸ ದ್ವಿಚಕ್ರ ವಾಹನಗಳಿಗೆ ಕಡ್ಡಾಯವಾದದ್ದು 2017ರ ಏಪ್ರಿಲ್ 1ರಿಂದ. ಅದಕ್ಕೂ ಮುಂಚಿನ ವಾಹನಕ್ಕೆ ದೀಪ ಸೇರಿಸುವವರು ಆಲ್ಟರ್ನೇಟರಿನ ಸಾಮರ್ಥ್ಯವನ್ನು ಮೊದಲು ತಿಳಿದುಕೊಳ್ಳಬೇಕು. ಇಲ್ಲವೇ ಕಡಿಮೆ ವಿದ್ಯುತ್ ಬೇಡುವ ಎಲ್.ಇ.ಡಿ. ದೀಪವನ್ನು ಆರಿಸಿಕೊಳ್ಳಬೇಕು.

3. ಅಪಾಯದ ಪ್ರಮಾಣ

14 ಆಂಪಿಯರ್-ಗಂಟೆಯ ಬ್ಯಾಟರಿಯುಳ್ಳ ವಾಹನದಲ್ಲಿ ಮುಂದೀಪ, ಹಿಂದೀಪ ಮತ್ತು ಇಗ್ನಿಷನ್ ಸೇರಿ 85 ವ್ಯಾಟ್ ಬಳಕೆಯಾದರೆ ಸುಮಾರು 7 ಆಂಪಿಯರ್ ಹೊರಹೋಗುತ್ತದೆ. ಕಾಗದದ ಲೆಕ್ಕದಲ್ಲಿ ಬ್ಯಾಟರಿ ಎರಡು ಗಂಟೆ ಬಾಳಬೇಕು. ವಾಸ್ತವದಲ್ಲಿ ಅದಕ್ಕಿಂತ ಬಹಳ ಮುಂಚೆಯೇ ವೋಲ್ಟೇಜ್ ಕುಸಿದು ದೀಪ ಮಂಕಾಗುತ್ತದೆ. ಬ್ಯಾಟರಿಯನ್ನು ಅವಲಂಬಿಸಿದ ಇಗ್ನಿಷನ್ ಇದ್ದರೆ ಎಂಜಿನ್ ನಿಲ್ಲುತ್ತದೆ. ಸಂಜೆ ಉಡುಪಿಯಿಂದ ಹೊರಟವನಿಗೆ ಈ ಸ್ಥಿತಿ ಒದಗುವುದು ಹೆಬ್ರಿ, ಸೋಮೇಶ್ವರ ದಾಟಿದ ಮೇಲೆ, ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳ ನಡುವೆ. ಮಳೆ, ಮಂಜು, ಕತ್ತಲೆ ಇರುವಲ್ಲಿ ದೀಪವಿಲ್ಲದ ವಾಹನವೆಂದರೆ ಜೀವಾಪಾಯ. ಆದುದರಿಂದ ಈ ದುರಸ್ತಿಯನ್ನು ಮುಂದೂಡುವುದರಲ್ಲಿ ಉಳಿತಾಯವೇನೂ ಇಲ್ಲ.

4. ಬದಲಿಸುವ ಮುನ್ನ ಪರೀಕ್ಷೆ

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಈ ಕೆಳಗಿನ ಪರೀಕ್ಷೆಗಳನ್ನು ಅರ್ಧ ಗಂಟೆಯಲ್ಲಿ ಮುಗಿಸಬಹುದು. 12 ವೋಲ್ಟಿನ ವಾಹನಕ್ಕೆ ಅನ್ವಯಿಸುವ ಸಾಮಾನ್ಯ ಮಿತಿಗಳನ್ನು ಇಲ್ಲಿ ಕೊಡಲಾಗಿದೆ. ಆಯಾ ಮಾದರಿಯ ಕೈಪಿಡಿಯೇ ಅಂತಿಮ ಪ್ರಮಾಣ.

(ಅ) ಎಂಜಿನ್ ನಿಂತಿರುವಾಗ ಪೂರ್ಣ ಚಾರ್ಜಾದ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. ಚಾರ್ಜ್ ಮಾಡಿದ ಮೇಲೂ ಇಷ್ಟು ನಿಲ್ಲದಿದ್ದರೆ ಮೊದಲು ಬ್ಯಾಟರಿಯನ್ನೇ ಪರಿಶೀಲಿಸಬೇಕು. ದುರ್ಬಲ ಬ್ಯಾಟರಿಯೊಂದಿಗೆ ಮಾಡಿದ ಮುಂದಿನ ಪರೀಕ್ಷೆಗಳು ನಂಬಲರ್ಹವಲ್ಲ.

(ಆ) ಎಂಜಿನ್ ಚಾಲೂ ಮಾಡಿ ವೇಗ ಹೆಚ್ಚಿಸಿದಾಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. 13ಕ್ಕಿಂತ ಕೆಳಗೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಕುದಿಯುವುದಕ್ಕೂ ಬಲ್ಬುಗಳು ಸುಡುವುದಕ್ಕೂ ಇದೇ ಕಾರಣ.

(ಇ) ಕಪ್ಲರನ್ನು ಬಿಡಿಸಿ ಕಣ್ಣಿನಿಂದ ನೋಡಬೇಕು. ಕಪ್ಪಾಗಿದೆಯೆ, ಹಸಿರುಗಟ್ಟಿದೆಯೆ, ಕರಗಿದೆಯೆ? ಇದು ಹಣ ಬೇಡದ ಪರೀಕ್ಷೆ. ಆದರೂ ಇದನ್ನೇ ಹೆಚ್ಚಾಗಿ ಬಿಟ್ಟುಬಿಡಲಾಗುತ್ತದೆ.

(ಈ) ಎಂಜಿನ್ ನಿಲ್ಲಿಸಿ ಸ್ಟೇಟರಿನ ತಂತಿಗಳ ನಡುವೆ ಅಡ್ಡಿಯನ್ನು ಅಳೆಯಬೇಕು. ಮೂರು ಫೇಸಿನ ಸ್ಟೇಟರಿನಲ್ಲಿ ಮೂರು ತಂತಿಗಳಿದ್ದು, ಯಾವ ಎರಡನ್ನು ಹಿಡಿದರೂ ಸಾಮಾನ್ಯವಾಗಿ 1 ಓಮಿನ ಒಳಗೆ, ಒಂದೇ ಸಮನಾಗಿ ಬರಬೇಕು. ಯಾವುದೇ ತಂತಿಗೂ ಎಂಜಿನ್ನಿನ ಲೋಹಕ್ಕೂ ಸಂಪರ್ಕ ಇರಕೂಡದು. ಇದ್ದರೆ ಸ್ಟೇಟರ್ ಸುಟ್ಟಿದೆ ಎಂದೇ ಅರ್ಥ. ಹಳೆಯ ವಾಹನಗಳಲ್ಲಿ ತಂತಿಗಳ ಸಂಖ್ಯೆ ಬೇರೆಯಾಗಿರುವುದುಂಟು. ಅಲ್ಲಿ ಕೈಪಿಡಿಯ ನಕ್ಷೆ ಅಗತ್ಯ.

(ಉ) ಕಪ್ಲರ್ ಬಿಡಿಸಿದ ಸ್ಥಿತಿಯಲ್ಲೇ ಎಂಜಿನ್ ಓಡಿಸಿ, ತಂತಿಗಳ ನಡುವಿನ ಪರ್ಯಾಯ ವೋಲ್ಟೇಜನ್ನು ಅಳೆಯಬೇಕು. ಎಂಜಿನ್ನಿನ ವೇಗದೊಂದಿಗೆ ಅದು ಏರಬೇಕು ಮತ್ತು ಮೂರು ಜೋಡಿಗಳಲ್ಲೂ ಸಮನಾಗಿರಬೇಕು. ಒಂದು ಜೋಡಿಯಲ್ಲಿ ಮಾತ್ರ ಕಡಿಮೆ ಬಂದರೆ ಆ ಸುರುಳಿ ಕೆಟ್ಟಿದೆ. ಮೂರೂ ಸರಿಯಿದ್ದು (ಆ) ಪರೀಕ್ಷೆಯಲ್ಲಿ ಚಾರ್ಜ್ ಬಾರದಿದ್ದರೆ ದೋಷ ರೆಗ್ಯುಲೇಟರಿನಲ್ಲಿ ಅಥವಾ ಮುಂದಿನ ತಂತಿಯಲ್ಲಿದೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿ ‘ಚಾರ್ಜ್ ಇದೆಯೋ ಇಲ್ಲವೋ’ ಎಂದು ನೋಡುವ ರೂಢಿ ಕೆಲವೆಡೆ ಇದೆ. ಇದನ್ನು ಸರ್ವಥಾ ಮಾಡಕೂಡದು. ಬ್ಯಾಟರಿಯ ಆಸರೆ ತಪ್ಪಿದ ಕೂಡಲೇ ಒತ್ತಡ ಏರಿ ರೆಗ್ಯುಲೇಟರ್ ಮತ್ತು ಇತರ ಇಲೆಕ್ಟ್ರಾನಿಕ್ ಭಾಗಗಳು ಹಾಳಾಗಬಹುದು.

5. ಬದಲಾವಣೆಯ ಕ್ರಮ

ಹಳೆಯ ಎರಕದ ಎಂಜಿನ್ನಿನ ಬುಲೆಟ್ ವಾಹನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಆಲ್ಟರ್ನೇಟರ್ ಇರುವುದು ಎಡಬದಿಯ ಪ್ರೈಮರಿ ಚೈನ್ ಕವಚದ ಒಳಗೆ. ಮೊದಲು ಬ್ಯಾಟರಿಯ ತಂತಿ ಕಳಚಬೇಕು. ಎಡಗಡೆಯ ಕಾಲುಮೆಟ್ಟು ಮತ್ತು ಬ್ರೇಕ್ ಪೆಡಲನ್ನು ತೆಗೆದು, ಕೆಳಗೆ ತಟ್ಟೆಯಿಟ್ಟು, ಕವಚದ ನಡುವಿನ ಒಂದೇ ನಟ್ಟನ್ನು ಬಿಚ್ಚಿದರೆ ಎಣ್ಣೆಯೊಂದಿಗೆ ಕವಚ ಹೊರಬರುತ್ತದೆ. ಸ್ಟೇಟರನ್ನು ಮೂರು ನಟ್ಟುಗಳು ಹಿಡಿದಿರುತ್ತವೆ. ಅದನ್ನು ತೆಗೆದು ರೋಟರಿನ ಮೇಲ್ಮೈಯಲ್ಲಿ ಉಜ್ಜಿದ ಗುರುತುಗಳಿವೆಯೆ ಎಂದು ನೋಡಬೇಕು.

ಹೊಸ ಸ್ಟೇಟರ್ ಕೂರಿಸುವಾಗ ಎರಡು ಎಚ್ಚರಿಕೆಗಳು ಮುಖ್ಯ. ಒಂದು, ರೋಟರ್ ಮತ್ತು ಸ್ಟೇಟರ್ ನಡುವಿನ ಅಂತರ ಸುತ್ತಲೂ ಸಮನಾಗಿದ್ದು 0.2 ಮಿಲಿಮೀಟರಿಗಿಂತ ಕಡಿಮೆಯಾಗದಂತೆ ಫೀಲರ್ ಗೇಜಿನಿಂದ ಅಳೆಯಬೇಕು. ಒಂದು ಕಡೆ ತಗಲಿದರೂ ಹೊಸ ಭಾಗ ಬೇಗನೆ ಹಾಳಾಗುತ್ತದೆ. ಎರಡು, ಹೊರಬರುವ ತಂತಿ ಪ್ರೈಮರಿ ಚೈನಿಗೆ ತಾಗದಂತೆ ಸಾಗಿ, ರಬ್ಬರ್ ತೂತಿನಲ್ಲಿ ಭದ್ರವಾಗಿ ಕೂರಬೇಕು. ಕವಚದ ರಬ್ಬರ್ ಸೀಲನ್ನು ಹೊಸದಾಗಿ ಹಾಕಿ, ಎಣ್ಣೆ ತುಂಬಿ, ಕರಗಿದ ಕಪ್ಲರ್ ಇದ್ದರೆ ಬದಲಿಸಿ, ಮತ್ತೊಮ್ಮೆ (ಆ) ಪರೀಕ್ಷೆ ನಡೆಸಿದ ಮೇಲೆಯೇ ವಾಹನವನ್ನು ಪಡೆದುಕೊಳ್ಳಬೇಕು.

ಎಲ್ಲ ವಾಹನಗಳಲ್ಲಿಯೂ ಈ ಕೆಲಸ ಇಷ್ಟು ಸುಲಭವಲ್ಲ. ಹೋಂಡಾ ಕಂಪನಿ 1975ರಲ್ಲಿ ದೂರಪ್ರಯಾಣಕ್ಕೆಂದು ತಂದ ಗೋಲ್ಡ್ ವಿಂಗ್ ವಾಹನದ ಮೊದಲ ಮಾದರಿಗಳಲ್ಲಿ, 1987ರವರೆಗೂ, ಸ್ಟೇಟರ್ ಎಂಜಿನ್ನಿನ ಹಿಂಬದಿಯ ಕವಚದೊಳಗೆ ಇತ್ತು. ಅದನ್ನು ಬದಲಿಸಲು ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕಾಗಿತ್ತು. ಈ ಶ್ರಮಕ್ಕೆ ಬೇಸತ್ತ ಕೆಲವು ಸವಾರರು ಕಾರಿನ ಆಲ್ಟರ್ನೇಟರನ್ನು ಹೊರಗಿನಿಂದ ಜೋಡಿಸಿಕೊಂಡರು. 1988ರ ಆರು ಸಿಲಿಂಡರಿನ 1500 ಮಾದರಿಯಲ್ಲಿ ಕಂಪನಿಯು ಆಲ್ಟರ್ನೇಟರನ್ನು ಪ್ರತ್ಯೇಕ ಘಟಕವಾಗಿಸಿ, ಎಂಜಿನ್ ಇಳಿಸದೆಯೇ ಬಿಚ್ಚುವಂತೆ ಅಳವಡಿಸಿತು. ಇದರಿಂದ ದುರಸ್ತಿಯ ಕೂಲಿಯ ಪ್ರಮಾಣವೇ ಬದಲಾಯಿತು. ಕೂಲಿಯ ಈ ವ್ಯತ್ಯಾಸ ನಮ್ಮ ಮುಂದಿನ ಲೆಕ್ಕಕ್ಕೆ ಆಧಾರವಾಗಿದೆ.

6. ಹೊಸದೋ, ವೈಂಡಿಂಗೋ?

ಬಿಡಿಭಾಗದ ಬೆಲೆಯನ್ನಷ್ಟೇ ನೋಡಿ ನಿರ್ಧರಿಸುವುದು ಸರಿಯಲ್ಲ. ಒಟ್ಟು ವೆಚ್ಚವನ್ನು ಸೇವೆಯ ವರ್ಷಗಳಿಂದ ಭಾಗಿಸಿ ನೋಡಬೇಕು. ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಕಲ್ಪಿಸಿದವು. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಮೊದಲ ಮಾರ್ಗ: ಬ್ಯಾಟರಿ ಮಾತ್ರ ಬದಲಿಸುತ್ತ ಹೋಗುವುದು. ತಲಾ 1,800 ರೂ.ಗಳಂತೆ ವರ್ಷಕ್ಕೆ ಮೂರು, ಒಟ್ಟು 5,400 ರೂ. ದೋಷ ಹಾಗೆಯೇ ಉಳಿಯುತ್ತದೆ.

ಎರಡನೆಯ ಮಾರ್ಗ: ಹಳೆಯ ಸ್ಟೇಟರಿಗೆ ವೈಂಡಿಂಗ್. ವೈಂಡಿಂಗ್ 1,200, ಕೂಲಿ 800, ಎಣ್ಣೆ ಮತ್ತು ಸೀಲು 300, ಒಟ್ಟು 2,300 ರೂ. ಎರಡು ವರ್ಷ ಬಾಳಿದರೆ ವರ್ಷಕ್ಕೆ 1,150 ರೂ.

ಮೂರನೆಯ ಮಾರ್ಗ: ಹೊಸ ಸ್ಟೇಟರ್ ಮತ್ತು ಹೊಸ ರೆಗ್ಯುಲೇಟರ್. ಸ್ಟೇಟರ್ 3,000, ರೆಗ್ಯುಲೇಟರ್ 1,500, ಕೂಲಿ 800, ಎಣ್ಣೆ ಮತ್ತು ಸೀಲು 300, ಒಟ್ಟು 5,600 ರೂ. ಏಳು ವರ್ಷ ಬಾಳಿದರೆ ವರ್ಷಕ್ಕೆ 800 ರೂ.

ವಾಹನವನ್ನು ದೀರ್ಘಕಾಲ ಇಟ್ಟುಕೊಳ್ಳುವವರಿಗೆ ಮೂರನೆಯ ಮಾರ್ಗವೇ ಅಗ್ಗ. ಆದರೆ ವಾಹನವನ್ನು ಇನ್ನೆರಡು ವರ್ಷದಲ್ಲಿ ಮಾರುವುದಿದ್ದರೆ 5,600 ರೂ.ಗಳನ್ನು ಎರಡರಿಂದ ಭಾಗಿಸಬೇಕು. ವರ್ಷಕ್ಕೆ 2,800 ರೂ. ಆಗುತ್ತದೆ. ಆಗ ವೈಂಡಿಂಗೇ ಲಾಭಕರ. ಆದುದರಿಂದ ಮೊದಲು ನೋಡಬೇಕಾದದ್ದು ನೋಂದಣಿ ಪತ್ರ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಸಿಂಧು. ಅನಂತರ ತಪಾಸಣೆಯೊಂದಿಗೆ 5 ವರ್ಷಕ್ಕೊಮ್ಮೆ ನವೀಕರಣ. ಕೆ.ಎ. 20 ಸಂಖ್ಯೆಯ ತಮ್ಮ ವಾಹನಕ್ಕೆ ಎಷ್ಟು ಅವಧಿ ಉಳಿದಿದೆ, ನವೀಕರಿಸುವ ಇರಾದೆ ಇದೆಯೆ ಎಂಬುದೇ ದುರಸ್ತಿಯ ಮಟ್ಟವನ್ನು ನಿರ್ಧರಿಸಬೇಕು.

ಇನ್ನು ಕೂಲಿಯ ವಿಚಾರ. ಎಂಜಿನ್ ಇಳಿಸಬೇಕಾದ ವಾಹನದಲ್ಲಿ ಕೂಲಿ 800ರ ಬದಲು 12,000 ರೂ. ಎಂದಿಟ್ಟುಕೊಳ್ಳೋಣ. ಆಗ ಎರಡನೆಯ ಮಾರ್ಗದ ಒಟ್ಟು ವೆಚ್ಚ 13,500, ವರ್ಷಕ್ಕೆ 6,750 ರೂ. ಮೂರನೆಯದರ ಒಟ್ಟು 16,800, ವರ್ಷಕ್ಕೆ 2,400 ರೂ. ಮಾತ್ರ. ಕೂಲಿ ಹೆಚ್ಚಿರುವಲ್ಲಿ ಅಗ್ಗದ ಬಿಡಿಭಾಗವೇ ಅತ್ಯಂತ ದುಬಾರಿ ಎಂಬ ಈ ತತ್ವ ವಾಹನಕ್ಕೆ ಮಾತ್ರವಲ್ಲ, ಕಾರ್ಖಾನೆಯ ಯಾವುದೇ ಯಂತ್ರಕ್ಕೂ ಅನ್ವಯಿಸುತ್ತದೆ.

ವೈಂಡಿಂಗ್ ಮಾಡಿಸುವುದಾದರೆ ಮೂಲ ತಂತಿಯ ಗೇಜು, ಸುತ್ತುಗಳ ಸಂಖ್ಯೆ, ಶಾಖ ತಡೆಯುವ ಎನಾಮಲ್ ಮತ್ತು ವಾರ್ನಿಷ್ ಬೇಯಿಸಿದ ಕ್ರಮವನ್ನು ಕೇಳಿ ತಿಳಿಯಬೇಕು. ವೈಂಡಿಂಗ್ ಉದ್ಯಮಿಗಳು ಈ ವಿವರಗಳನ್ನು ಬಿಲ್ಲಿನಲ್ಲಿ ಬರೆದು ಲಿಖಿತ ಖಾತರಿ ನೀಡಿದರೆ ಅವರ ವ್ಯವಹಾರಕ್ಕೂ ಗೌರವ. ಹಳೆಯ ಭಾಗವನ್ನು ಗಿರಾಕಿ ಮರಳಿ ಪಡೆಯಬೇಕು, ಇಲ್ಲವೇ ಅದರಲ್ಲಿರುವ ತಾಮ್ರದ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಬೇಕು.

7. ಲೆಕ್ಕಪತ್ರ ಮತ್ತು ಆದಾಯ ತೆರಿಗೆ

ಆಲ್ಟರ್ನೇಟರ್ ಹೊಸದಾಗಿದ್ದರೂ ಅದು ಹೊಸ ಆಸ್ತಿಯಲ್ಲ. 1961ರ ಆದಾಯ ತೆರಿಗೆ ಅಧಿನಿಯಮದ 31ನೆಯ ಕಲಮಿನಲ್ಲಿ ಯಂತ್ರ ಮತ್ತು ಸ್ಥಾವರದ ‘ಚಾಲ್ತಿ ದುರಸ್ತಿ’ಗೆ ಕಡಿತ ನೀಡಲಾಗಿದೆ, ಸ್ಥಾವರದ ವ್ಯಾಖ್ಯೆಯಲ್ಲಿ ವಾಹನವೂ ಸೇರಿದೆ. ಬಂಡವಾಳ ಸ್ವರೂಪದ ವೆಚ್ಚ ಚಾಲ್ತಿ ದುರಸ್ತಿಯಲ್ಲ ಎಂಬ ವಿವರಣೆಯನ್ನು 2004ರ ಏಪ್ರಿಲ್ 1ರಿಂದ ಸೇರಿಸಲಾಯಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಅಧಿನಿಯಮದಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ತತ್ವ ಅದೇ.

ಸರ್ವೋಚ್ಚ ನ್ಯಾಯಾಲಯವು 2007ರ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಈ ತತ್ವವನ್ನು ಸ್ಪಷ್ಟಪಡಿಸಿದೆ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನು ಅಥವಾ ಹೊಸ ಪ್ರಯೋಜನವನ್ನು ತರುವ ವೆಚ್ಚ ದುರಸ್ತಿಯಲ್ಲ. ನೂಲಿನ ಗಿರಣಿಯ ರಿಂಗ್ ಫ್ರೇಮ್ ತಾನೇ ಒಂದು ಸ್ವತಂತ್ರ ಯಂತ್ರವಾದುದರಿಂದ ಅದರ ಬದಲಾವಣೆ ದುರಸ್ತಿಯೆನಿಸಲಿಲ್ಲ. ಆಲ್ಟರ್ನೇಟರ್ ಹಾಗಲ್ಲ, ವಾಹನದ ಹೊರಗೆ ಅದಕ್ಕೆ ಸ್ವತಂತ್ರ ಕೆಲಸವಿಲ್ಲ.

ಇದರ ಪರಿಣಾಮ ಸಣ್ಣದಲ್ಲ. 5,600 ರೂ.ಗಳನ್ನು ದುರಸ್ತಿಯೆಂದು ಬರೆದರೆ ಶೇ. 30ರ ದರದವರಿಗೆ ಅದೇ ವರ್ಷ 1,680 ರೂ. ತೆರಿಗೆ ಉಳಿಯುತ್ತದೆ. ಅದನ್ನೇ ವಾಹನದ ಮೌಲ್ಯಕ್ಕೆ ಸೇರಿಸಿದರೆ ಶೇ. 15ರ ಸವಕಳಿಯಂತೆ 840 ರೂ. ಮಾತ್ರ ಕಳೆದು, ಉಳಿಯುವ ತೆರಿಗೆ 252 ರೂ. ಈ ಸೌಲಭ್ಯಕ್ಕೆ ವಾಹನ ವ್ಯವಹಾರಕ್ಕೆ ಬಳಕೆಯಾಗಿರಬೇಕು. ಸ್ವಂತಕ್ಕೂ ಬಳಸುತ್ತಿದ್ದರೆ ಆ ಪಾಲನ್ನು ಬಿಡಬೇಕು. ಅಂದಾಜು ಲಾಭದ ಪದ್ಧತಿಯಲ್ಲಿ ವಿವರಪತ್ರ ಸಲ್ಲಿಸುವವರಿಗೆ ದುರಸ್ತಿಯ ಪ್ರತ್ಯೇಕ ಕಡಿತವಿಲ್ಲ ಎಂಬುದನ್ನೂ ಮರೆಯಬಾರದು.

8. ಸರಕು ಮತ್ತು ಸೇವಾ ತೆರಿಗೆ

ವಾಹನದ ಬಿಡಿಭಾಗಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ. ದುರಸ್ತಿ ಸೇವೆಗೂ ಶೇ. 18. ಆದರೆ ಜನರನ್ನು ಒಯ್ಯುವ, 13ಕ್ಕಿಂತ ಹೆಚ್ಚು ಆಸನಗಳಿಲ್ಲದ ವಾಹನಗಳಿಗೂ ಅವುಗಳ ದುರಸ್ತಿ ಸೇವೆಗೂ 17(5)ನೆಯ ಕಲಮಿನ ಮೇರೆಗೆ ಹೂಡುವಳಿ ತೆರಿಗೆ ಜಮೆ ಸಾಮಾನ್ಯವಾಗಿ ದೊರೆಯದು. ವಾಹನ ಮಾರಾಟ, ಪ್ರಯಾಣಿಕರ ಸಾಗಾಟ ಮತ್ತು ಚಾಲನಾ ತರಬೇತಿಯಂತಹ ವ್ಯವಹಾರಗಳಿಗೆ ಮಾತ್ರ ವಿನಾಯಿತಿ. ಆದುದರಿಂದ ಮೋಟಾರ್ ಸೈಕಲ್ ದುರಸ್ತಿಯ ಬಿಲ್ಲಿನ ತೆರಿಗೆಯನ್ನು ಜಮೆಯೆಂದು ಪಡೆಯದೆ ದುರಸ್ತಿ ವೆಚ್ಚಕ್ಕೇ ಸೇರಿಸುವುದು ಕ್ಷೇಮ. ತಪ್ಪಾಗಿ ಪಡೆದು ಬಳಸಿದ ಜಮೆಯನ್ನು ಬಡ್ಡಿಯೊಂದಿಗೆ ಮರಳಿಸಬೇಕಾಗುತ್ತದೆ.

ಕಾರ್ಕಳದ ಗೋಡಂಬಿ ಕಾರ್ಖಾನೆ ಅಥವಾ ಮಲ್ಪೆಯ ಮಂಜುಗಡ್ಡೆ ಘಟಕದ ಡೀಸೆಲ್ ಜನರೇಟರಿನ ಆಲ್ಟರ್ನೇಟರ್ ಬದಲಿಸಿದಾಗ ಸ್ಥಿತಿ ಬೇರೆ. ಅದು ವಾಹನವಲ್ಲವಾದುದರಿಂದ, ತೆರಿಗೆಗೊಳಪಟ್ಟ ಉತ್ಪಾದನೆಗೆ ಬಳಕೆಯಾಗುವಷ್ಟರ ಮಟ್ಟಿಗೆ ಜಮೆ ದೊರೆಯುತ್ತದೆ. ಅದೇ ಸಾಮರ್ಥ್ಯದ ಆಲ್ಟರ್ನೇಟರ್ ಹಾಕಿದರೆ ದುರಸ್ತಿ. ಹೆಚ್ಚಿನ ಸಾಮರ್ಥ್ಯದ ಇಡೀ ಜನರೇಟರನ್ನೇ ತಂದರೆ ಬಂಡವಾಳ ವೆಚ್ಚ.

9. ಬಿಲ್ಲಿನಲ್ಲಿ ಇರಬೇಕಾದದ್ದು

ದುರಸ್ತಿ ಎಷ್ಟೇ ಸರಿಯಾಗಿದ್ದರೂ ಬಿಲ್ಲು ಅಸ್ಪಷ್ಟವಾಗಿದ್ದರೆ ತೆರಿಗೆ ವಿಚಾರಣೆಯಲ್ಲಿ ತೊಂದರೆ ತಪ್ಪದು. ‘ಬೈಕ್ ಕೆಲಸ’ ಎಂಬ ಎರಡು ಪದದ ಚೀಟಿ ಪುರಾವೆಯಾಗದು. ವ್ಯವಹಾರದ ಹೆಸರು, ವಾಹನದ ನೋಂದಣಿ ಸಂಖ್ಯೆ, ಓಡಿದ ಕಿಲೋಮೀಟರ್, ‘ಕೆಟ್ಟ ಸ್ಟೇಟರಿನ ಬದಲು ಅದೇ ಸಾಮರ್ಥ್ಯದ ಸ್ಟೇಟರ್ ಅಳವಡಿಕೆ’ ಎಂಬ ವಿವರ, ಬಿಡಿಭಾಗ ಮತ್ತು ಕೂಲಿಯ ಪ್ರತ್ಯೇಕ ಮೊತ್ತ ಹಾಗೂ ಖಾತರಿಯ ಅವಧಿ ನಮೂದಾಗಿರಲಿ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಪಾವತಿಸಿದರೆ ಆ ವೆಚ್ಚಕ್ಕೆ ಕಡಿತ ದೊರೆಯದು. ದೊಡ್ಡ ದುರಸ್ತಿಗಳ ಹಣವನ್ನು ಬ್ಯಾಂಕಿನ ಮೂಲಕವೇ ಸಂದಾಯ ಮಾಡಬೇಕು.

ಸಾರಾಂಶ

ಮೊದಲು ಅಳತೆ, ಅನಂತರ ಬದಲಾವಣೆ. ಬೆಲೆಯನ್ನು ಸೇವೆಯ ವರ್ಷಗಳಿಂದ ಭಾಗಿಸಿ ನೋಡುವುದು. ಕೂಲಿ ಹೆಚ್ಚಿದ್ದಲ್ಲಿ ಉತ್ತಮ ಭಾಗವನ್ನೇ ಹಾಕಿಸುವುದು. ವಾಹನದ ಉಳಿದ ಆಯುಷ್ಯಕ್ಕೆ ಮೀರಿದ ವೆಚ್ಚ ಮಾಡದಿರುವುದು. ಲೆಕ್ಕದಲ್ಲಿ ಅದನ್ನು ದುರಸ್ತಿಯೆಂದೇ ತೋರಿಸಿ, ಅದಕ್ಕೆ ತಕ್ಕ ಬಿಲ್ಲನ್ನು ಇಟ್ಟುಕೊಳ್ಳುವುದು. ಸದಸ್ಯ ಬಾಂಧವರು ತಮ್ಮ ಈ ವರ್ಷದ ‘ವಾಹನ ದುರಸ್ತಿ’ ಖಾತೆಯನ್ನು ಒಮ್ಮೆ ತೆರೆದು ನೋಡಲಿ. ಒಂದೇ ವಾಹನದ ಹೆಸರಿನಲ್ಲಿ ಎರಡನೆಯ ಬ್ಯಾಟರಿ ಕಂಡುಬಂದರೆ, ಮೂರನೆಯದನ್ನು ಕೊಳ್ಳುವ ಮುನ್ನ, ಮಳೆಗಾಲ ಆರಂಭವಾಗುವುದಕ್ಕೂ ಮುನ್ನ, ಮಲ್ಟಿಮೀಟರ್ ಹಿಡಿದು ಪರೀಕ್ಷೆ ಮಾಡಿಸುವುದು ಒಳಿತು.